ಕಂಬ್ರಿಯಾದಲ್ಲಿ ವರ್ಷ ಪೂರ್ತಿ ಮಳೆನಾ? ಜನವರಿಗೆ ಬರ್ತಿದೀನಿ, ಏನೇನ್ ತರ್ಲಿ?

ನಾನು ತೀರ್ಥಹಳ್ಳಿ ಕಡೆಯವನು, ನಾಲ್ಕು ವರ್ಷದಿಂದ ಇಂಗ್ಲೆಂಡಿನ ವಾಯುವ್ಯ ಮೂಲೆಯ ಈ ಕಂಬ್ರಿಯಾದಲ್ಲಿ, ಪೆನ್ರಿತ್ ಅನ್ನೋ ಪೇಟೆ ಹತ್ರ ಇದೀನಿ. ನಿಮ್ ಕೆಲಸ ಯಾವ ಊರಲ್ಲಿ ಅಂತ ಹೇಳಿಲ್ಲ ನೀವು, ಇಲ್ಲಿ ಎಲ್ಲಾ ಅದರ ಮೇಲೇ ಇರೋದು. ಪಶ್ಚಿಮದ ಕಡಲಿಂದ ಬರೋ ಗಾಳಿ ಲೇಕ್ ಡಿಸ್ಟ್ರಿಕ್ಟ್ ಗುಡ್ಡಕ್ಕೆ ಬಡಿದು ಅಲ್ಲೇ ಸುರಿದುಬಿಡುತ್ತೆ, ಸೀತ್‌ವೇಟ್ ಅನ್ನೋ ಹಳ್ಳಿಗೆ ವರ್ಷಕ್ಕೆ 3,000 ಮಿಮೀ ದಾಟುತ್ತೆ, ಅಲ್ಲಿಂದ ಗಂಟೆ ದಾರಿ ಪೆನ್ರಿತ್‌ಗೆ 900ರ ಆಸುಪಾಸು ಅಷ್ಟೇ. ಆಗುಂಬೆ ಬಿಟ್ಟು ಶಿವಮೊಗ್ಗಕ್ಕೆ ಬಂದಂಗೆ.

ಆದ್ರೆ ನಮ್ಮೂರ ಥರ ಆರಿದ್ರಾ, ಪುನರ್ವಸು ಅಂತ ಲೆಕ್ಕ ಇಲ್ಲ, ಹನ್ನೆರಡು ತಿಂಗಳೂ ಜಿಟಿಜಿಟಿ. ಧೋ ಅಂತ ಹೊಯ್ಯೋದು ಅಪರೂಪ, ಹೊಯ್ದ್ರೆ ಮಾತ್ರ ತಮಾಷೆ ಅಲ್ಲ: 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿ ಬಂದಾಗ ಹಾನಿಸ್ಟರ್ ಘಾಟಿಲಿ 24 ಗಂಟೆಗೆ 341 ಮಿಮೀ, ಬ್ರಿಟನ್‌ಗೇ ದಾಖಲೆ, ಕಾರ್ಲೈಲ್ ಪೇಟೆ ಮುಳುಗಿತ್ತು. ಮನೆ ಬಾಡಿಗೆ ಹಿಡಿಯೋ ಮುಂಚೆ ಹೊಳೆ ಎಷ್ಟು ದೂರ ಅಂತ ನೋಡ್ಕೊಳ್ಳಿ.

ಛತ್ರಿ ತರಬೇಡಿ, ನಂದು ಮೊದಲ್ನೇ ವಾರಾನೇ ಮಗುಚಿ ಕಡ್ಡಿ ಮುರೀತು. ಟೋಪಿ ಇರೋ ಒಳ್ಳೆ ರೈನ್‌ಕೋಟ್, ಬೂಟು ಇಲ್ಲೇ ತಗೊಳ್ಳಿ. ಕ್ರಾಸ್ ಫೆಲ್ ಬೆಟ್ಟದ ಬುಡದ ಹಳ್ಳಿಗಳಿಗೇನಾದ್ರೂ ಹೋಗೋದಾದ್ರೆ ಹೆಲ್ಮ್ ವಿಂಡ್ ಅಂತ ಒಂದಿದೆ, ಬ್ರಿಟನ್‌ನಲ್ಲಿ ಹೆಸರಿಟ್ಟು ಕರೆಯೋ ಗಾಳಿ ಇದೊಂದೇ ಅಂತಾರೆ, ಬೆಟ್ಟದ ನೆತ್ತಿ ಮೇಲೆ ಮೋಡ ಟೋಪಿ ಹಾಕ್ದಂಗೆ ಕೂತಿದ್ರೆ ಒಣಗಾಕಿದ ಬಟ್ಟೆ ಒಳಗೆ ತನ್ನಿ.

ಚಳಿ ಅಂತ ಅಮ್ಮ ಎರಡು ಕಂಬಳಿ ಕಟ್ಟಿಕೊಟ್ಟಿದ್ರು, ಆದ್ರೆ ಪೇಟೆ ಕಡೆ ಜನವರಿಲೂ ಹಗಲು ಐದಾರು ಡಿಗ್ರಿ ಇರುತ್ತೆ, ಹಿಮ ಹೆಚ್ಚಾಗಿ ಗುಡ್ಡದ ಮೇಲೇ. ನನ್ನ ನಿಜವಾಗ್ಲೂ ಸೋಲಿಸಿದ್ದು ಕತ್ತಲೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟಿ ನಾಲ್ಕಕ್ಕೆ ಮುಂಚೆನೇ ಮುಳುಗ್ತಾನೆ, ಕೆಲಸಕ್ಕೆ ಹೋಗೋದೂ ಕತ್ತಲಲ್ಲಿ ಬರೋದೂ ಕತ್ತಲಲ್ಲಿ, ಮೊದಲ ವರ್ಷ ಊರಿಗೆ ವಾಪಸ್ ಟಿಕೆಟ್ ರೇಟು ನೋಡ್ತಾ ಕೂರ್ತಿದ್ದೆ. ನೀವು ಜನವರಿಲಿ ಬರೋದು ಒಂಥರಾ ಒಳ್ಳೇದೇ, ಅಲ್ಲಿಂದ ದಿನಾ ಬೆಳಕು ಜಾಸ್ತಿ ಆಗ್ತಾ ಹೋಗುತ್ತೆ. ಮಾರ್ಚ್‌ಗೆ ರಸ್ತೆ ಪಕ್ಕ ಹಳದಿ ಡ್ಯಾಫೊಡಿಲ್ ಹೂವು, ಏಪ್ರಿಲ್‌ಗೆ ಗದ್ದೆ ತುಂಬಾ ಕುರಿಮರಿ, ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ಮಕ್ಕಳು ಮಲಗಲ್ಲ. ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು.