ಹಂದಿಗೋಡಿನ ಪ್ರಶ್ನೆಯನ್ನು ಬಾಸ್ಟನ್‌ಗೆ ಒಯ್ಯಬಹುದೇ?

ಸಾಗರದಿಂದ ನೀವು ಕೇಳಿದ ಪ್ರಶ್ನೆಗಳು ನಾಲ್ಕು. ಬಾಸ್ಟನ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ) ಸಂಬಳ ಸಾಕಾಗುತ್ತದೆಯೇ? ಜೆ-1 ಎಂಬ ವಿನಿಮಯ ಸಂದರ್ಶಕರ ವೀಸಾಕ್ಕೆ ಒಪ್ಪಬಹುದೇ? ಇಲಿಯ ಮೂಳೆಯ ಲ್ಯಾಬಿಗೆ ಏನು ಕಲಿತು ಹೋಗಬೇಕು? ಸೊಂಟ-ಮೊಣಕಾಲನ್ನು ಕಾಡುವ, ವಂಶದಲ್ಲಿ ಇಳಿದು ಬರುವ ಹಂದಿಗೋಡು ಕಾಯಿಲೆಯ ಕುಟುಂಬಗಳ ರಕ್ತದ ಮಾದರಿ ತೆಗೆದುಕೊಂಡು ಹೋಗಿ ಅಲ್ಲೇ ಕೆಲಸ ಮುಂದುವರಿಸಬಹುದೇ? ಮೊದಲ ಮೂರಕ್ಕೆ ಉತ್ತರ ಹೇಳುವವರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಾಲ್ಕನೆಯದಕ್ಕೆ ಯಾರೂ ಸಿಗುವುದಿಲ್ಲ. ನಾನು ಅಮೆರಿಕಕ್ಕೆ ಬಂದ ಹೊಸತರಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ಅದನ್ನು ಉದ್ದಕ್ಕೆ ಬರೆಯುತ್ತೇನೆ, ಉಳಿದದ್ದು ಚುಟುಕಾಗಿ.

ಸಂಬಳದ ಮಾತು. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2024ಕ್ಕೆ ಮೊದಲ ವರ್ಷದ ಪೋಸ್ಟ್‌ಡಾಕ್‌ಗೆ ನಿಗದಿ ಮಾಡಿದ್ದು ವರ್ಷಕ್ಕೆ 61,008 ಡಾಲರ್. ಬಹಳಷ್ಟು ವಿಶ್ವವಿದ್ಯಾಲಯಗಳು ಅದನ್ನೇ ತಳಮಟ್ಟ ಎಂದು ಹಿಡಿಯುತ್ತವೆ. ಬಾಸ್ಟನ್‌ನಲ್ಲಿ ಅದರ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ, ಒಬ್ಬರಿಗಾದರೆ ಸಾಲುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಗಟ್ಟಿಯಾಗಿ ಸೀಲ್ ಮಾಡಿಸಿ ತನ್ನಿ, ಕಸ್ಟಮ್ಸ್‌ನಲ್ಲಿ ಕೇಳುವ ಮೊದಲೇ ಹೇಳಿ. ಬಾಸ್ಟನ್ ಇರುವುದು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿನ ಬಿಸಿಲಿಗೆ ಚರ್ಮ ವಿಟಮಿನ್ ಡಿ ತಯಾರಿಸುವುದೇ ಇಲ್ಲ ಅನ್ನಬಹುದು. ಮೂಳೆಯ ಮೇಲೆ ಸಂಶೋಧನೆ ಮಾಡುವವರೇ ತಮ್ಮ ವಿಟಮಿನ್ ಡಿ ನೋಡಿಸಿಕೊಳ್ಳದೆ ಇರುವುದು ಇಲ್ಲಿ ಮಾಮೂಲು.

ಜೆ-1 ಬೇಡ ಅನ್ನುವಂಥದ್ದೇನಲ್ಲ. ರಿಸರ್ಚ್ ಸ್ಕಾಲರ್ ವರ್ಗದಲ್ಲಿ ಒಟ್ಟು 5 ವರ್ಷ ಸಿಗುತ್ತದೆ. ಎರಡು ವರ್ಷ ತವರಿಗೆ ಮರಳಲೇಬೇಕೆಂಬ ನಿಯಮಕ್ಕೆ ಹೆದರಿದ್ದೀರಿ. ಅದಕ್ಕೆ ಕಾರಣವಾಗುವ ಕೌಶಲ ಪಟ್ಟಿಯಿಂದ (ಯಾವ ದೇಶಕ್ಕೆ ಯಾವ ಕೌಶಲ ಬೇಕು ಎಂಬ ಪಟ್ಟಿ) ಭಾರತವನ್ನು 2024ರ ಡಿಸೆಂಬರಿನಲ್ಲಿ ಕೈಬಿಟ್ಟಿದ್ದಾರೆ. ಆದರೆ ಸರ್ಕಾರದ ಹಣದಲ್ಲಿ ಬರುವವರಿಗೆ, ವೈದ್ಯಕೀಯ ರೆಸಿಡೆನ್ಸಿಗೆ ಬರುವವರಿಗೆ ನಿಯಮ ಈಗಲೂ ಇದೆ. ಜೆ-1ಕ್ಕಾಗಿ ಸಂಸ್ಥೆ ಕೊಡುವ ನಿಮ್ಮ ಡಿಎಸ್-2019 ಕಾಗದದಲ್ಲೂ ವೀಸಾದಲ್ಲೂ ಏನು ಬರೆದಿದ್ದಾರೆ ಅಂತ ಓದಿಕೊಳ್ಳಿ. ಜನ ಎಡವುವುದು ಇನ್ನೊಂದು ನಿಯಮದಲ್ಲಿ: 5 ವರ್ಷ ತುಂಬುವ ಮೊದಲೇ ಪ್ರೋಗ್ರಾಂ ಮುಗಿಸಿ ಊರಿಗೆ ಹೋದರೆ, 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಬರುವಂತಿಲ್ಲ. ಅಡಿಕೆ ಕೊಯ್ಲು ಮುಗಿಸಿ ಬರುತ್ತೇನೆ ಅಂತ ಹೊರಟರೆ ಕತೆ ಮುಗಿಯಿತು. ಲ್ಯಾಬ್ ಬದಲಿಸುವುದಾದರೆ ನಡುವೆ ಬಿಡುವು ಬೀಳದಂತೆ ವರ್ಗಾವಣೆ ಮಾಡಿಸಿಕೊಳ್ಳಿ.

ಲ್ಯಾಬಿನ ಕೆಲಸ. ಒಂದು ಇಲಿಯಿಂದ ಎರಡು ತೊಡೆಮೂಳೆ, ಮೊಣಕಾಲ ಕೆಳಗಿನ ಎರಡು ಮೂಳೆ, ಒಂದು ಬೆನ್ನುಮೂಳೆ ಕಂಬ ಸಿಗುತ್ತದೆ. ಯಾವುದು ಯಾವುದಕ್ಕೆ ಎಂಬುದನ್ನು ಇಲಿ ಹುಟ್ಟುವ ಮೊದಲೇ ಬರೆದಿಟ್ಟಿರಬೇಕು, ಯಾಕೆಂದರೆ ಒಂದು ಪರೀಕ್ಷೆಗೆ ಬೇಕಾದ ಸಂಸ್ಕರಣೆ ಇನ್ನೊಂದನ್ನು ಕೆಡಿಸುತ್ತದೆ. ಮೈಕ್ರೋ-ಸಿಟಿಗೆ (ಸೂಕ್ಷ್ಮ ಎಕ್ಸ್‌ರೇ ಸ್ಕ್ಯಾನ್) ಹೋಗುವ ಮೂಳೆಯನ್ನು 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಇಟ್ಟು 70 ಶೇಕಡಾ ಆಲ್ಕೋಹಾಲಿಗೆ ಹಾಕುತ್ತಾರೆ. ಫಾರ್ಮಲಿನ್‌ನಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಅದು ಆಮ್ಲೀಯವಾಗುತ್ತಾ ಬಂದು ಖನಿಜವನ್ನೇ ಕರಗಿಸಲು ಶುರುಮಾಡುತ್ತದೆ. ಮುರಿದು ಬಲ ಅಳೆಯಬೇಕಾದ ಮೂಳೆಗೆ ಫಾರ್ಮಲಿನ್ ಸೋಕಿಸಲೇಬಾರದು. ಸಲೈನ್‌ನಲ್ಲಿ ತೋಯಿಸಿದ ಗಾಜ್ ಬಟ್ಟೆ ಸುತ್ತಿ ಮೈನಸ್ 20 ಡಿಗ್ರಿಗೆ ಇಡಬೇಕು. ಮೂಳೆ ಕರಗಿಸುವ ಕೋಶವಾದ ಆಸ್ಟಿಯೋಕ್ಲಾಸ್ಟ್ ಎಣಿಸಲು, ಅದರ ಕಿಣ್ವವನ್ನು ಕೆಂಪಾಗಿ ತೋರಿಸುವ ಟ್ರ್ಯಾಪ್ ಬಣ್ಣ ಹಾಕುವುದಾದರೆ ಮೂಳೆಯನ್ನು ಇಡಿಟಿಎಯಲ್ಲಿ, ಪಿಎಚ್ 7.2ರಿಂದ 7.4ರ ಒಳಗೆ, ಎರಡು ವಾರ ನಿಧಾನಕ್ಕೆ ಖನಿಜ ತೆಗೆದು ಮೆದು ಮಾಡಬೇಕು. ಬೇಗ ಆಗಲಿ ಅಂತ ಆಮ್ಲಕ್ಕೆ ಹಾಕಿದರೆ ಕಿಣ್ವವೇ ಸತ್ತು, ಸ್ಲೈಡಿನಲ್ಲಿ ಕೆಂಪು ಕಾಣುವುದಿಲ್ಲ. ಇನ್ನು ಹೊಸ ಮೂಳೆಯನ್ನು ಹಸಿರಾಗಿ ಗುರುತಿಸುವ ಕ್ಯಾಲ್ಸೀನ್ ಬಣ್ಣ ಚುಚ್ಚಿದ ಇಲಿಯ ಮೂಳೆಯನ್ನು ಮೆದು ಮಾಡಿದಿರೋ, ಖನಿಜದ ಜೊತೆಗೆ ಆ ಹಸಿರು ಗೆರೆಯೂ ಹೋಯಿತು. ಅದನ್ನು ಗಟ್ಟಿಯಾಗಿಯೇ ರೆಸಿನ್‌ನಲ್ಲಿ ಕೂರಿಸಿ ಕತ್ತರಿಸಬೇಕು.

ಹೊಸಬರ ಪ್ರಬಂಧಗಳನ್ನು ವಿಮರ್ಶಕರು ಹಿಡಿದು ಜಾಡಿಸುವ ಜಾಗಗಳೂ ಗೊತ್ತಿರುವವೇ. ಒಂದು ಇಲಿಯ ಎರಡು ಕಾಲನ್ನು ಎರಡು ಎಂದು ಎಣಿಸುವುದು. ಲೆಕ್ಕ ಇಲಿಯದ್ದು, ಕಾಲಿನದ್ದಲ್ಲ. ಲ್ಯಾಬುಗಳಲ್ಲಿ ಸಾಮಾನ್ಯವಾದ ಸಿ57ಬಿಎಲ್/6 ಇಲಿ ತಳಿಯಲ್ಲಿ ತೊಡೆಮೂಳೆಯ ಒಳಗಿನ ಜಾಲರಿ ಮೂಳೆ ಎಳೆ ವಯಸ್ಸಿಗೇ ತುದಿ ಮುಟ್ಟಿ ಆಮೇಲೆ ಕರಗುತ್ತಾ ಹೋಗುವುದು ಗೊತ್ತಿಲ್ಲದೆ, ವರ್ಷ ತುಂಬಿದ ಹೆಣ್ಣಿಲಿಯಲ್ಲಿ ವ್ಯತ್ಯಾಸ ಹುಡುಕುವುದು. ಅಲ್ಲಿ ಅಳೆಯಲು ಮೂಳೆಯೇ ಉಳಿದಿರುವುದಿಲ್ಲ. ಮೈಕ್ರೋ-ಸಿಟಿಯ ವೋಕ್ಸೆಲ್ (ಚಿತ್ರದ ಅತಿ ಚಿಕ್ಕ ಘನ) ಗಾತ್ರ, ಯಾವುದನ್ನು ಮೂಳೆ ಎಂದು ಎಣಿಸಬೇಕೆಂಬ ಮಿತಿರೇಖೆ, ಗ್ರೋತ್ ಪ್ಲೇಟಿನಿಂದ (ಮೂಳೆ ಉದ್ದಕ್ಕೆ ಬೆಳೆಯುವ ತುದಿಯ ಪಟ್ಟಿ) ಎಷ್ಟು ದೂರಕ್ಕೆ ಅಳತೆ ಶುರು ಎನ್ನುವುದನ್ನು ಬರೆಯದೆ ಬಿಡುವುದು. ಇವಕ್ಕೆ 2010ರಲ್ಲಿ ಪ್ರಕಟವಾದ ಮಾರ್ಗಸೂಚಿ ಇದೆ, ವಿಮಾನ ಹತ್ತುವ ಮೊದಲೇ ಓದಿ. ಯುರೋಪಿನವರ ಜೊತೆ ಕೆಲಸ ಬಂದಾಗ ಅಳತೆಯ ಮಾನ ಬೇರೆ: ರಕ್ತದ ವಿಟಮಿನ್ ಡಿಯನ್ನು 2.5ರಿಂದ ಗುಣಿಸಬೇಕು (ನಮ್ಮ 20 ಎನ್‌ಜಿ/ಎಂಎಲ್ ಅವರಿಗೆ 50 ಎನ್‌ಮೋಲ್/ಲೀ), ಕ್ಯಾಲ್ಸಿಯಂ ಅನ್ನು 4ರಿಂದ ಭಾಗಿಸಬೇಕು.

ಈಗ ನಿಮ್ಮ ಹಣಕಾಸು ಮತ್ತು ಸ್ವಾತಂತ್ರ್ಯದ ವಿಷಯ. ವಿದೇಶೀಯರಿಗೂ ತೆರೆದಿರುವ ಎನ್‌ಐಎಚ್ ದಾರಿ ಕೆ99/ಆರ್00, ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬಿಗೆ ದಾಟಲು ಕೊಡುವ ಅನುದಾನ. ಎಫ್32 ಎಂಬ ಪೋಸ್ಟ್‌ಡಾಕ್ ಫೆಲೋಶಿಪ್ ಇರುವುದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಕೆ99ಕ್ಕೆ ಅರ್ಜಿ ಹಾಕುವಾಗ, ಮರು ಅರ್ಜಿ ಹಾಕುವಾಗಲೂ, ಪೋಸ್ಟ್‌ಡಾಕ್ ಸಂಶೋಧನೆಯ ಅನುಭವ 4 ವರ್ಷ ದಾಟಿರಬಾರದು ಎಂಬ ನಿಯಮದ ಮೇಲೆ ಅದು ನಡೆದು ಬಂದಿದೆ. ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಮಾಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಮೊದಲ ಅರ್ಜಿಯನ್ನು ಒಪ್ಪುವುದು ಅಪರೂಪ, ಮರು ಅರ್ಜಿಗೆ ಒಂದು ವರ್ಷ ಬೇಕು ಅಂತ ಹಿಡಿದರೆ, ಮೊದಲನೆಯದು ಎರಡೂವರೆ ವರ್ಷದೊಳಗೆ ಹೋಗಬೇಕು. ನಿಯಮಗಳು ಈಚೆಗೆ ಬೇಗ ಬದಲಾಗುತ್ತಿವೆ, ಹಾಕುವ ಹೊತ್ತಿನ ಸೂಚನೆಯನ್ನೇ ನಂಬಿ. ಅಮೆರಿಕದ ಮೂಳೆ ಮತ್ತು ಖನಿಜ ಸಂಶೋಧನಾ ಸಂಘ, ಅಂದರೆ ಎಎಸ್‌ಬಿಎಂಆರ್, ವಿದ್ಯಾರ್ಥಿ-ಪೋಸ್ಟ್‌ಡಾಕ್ ದರದಲ್ಲಿ ಸದಸ್ಯತ್ವ ಕೊಡುತ್ತದೆ. ಅದರ ವಾರ್ಷಿಕ ಸಭೆಯ ಯುವ ಸಂಶೋಧಕರ ಪ್ರಶಸ್ತಿಗಳು ನೀವು ಕಳಿಸುವ ಸಾರಾಂಶದ ಮೇಲೆಯೇ ನಿಂತಿವೆ. ಸಭೆ ಶರತ್ಕಾಲದಲ್ಲಿ ನಡೆದರೂ ಸಾರಾಂಶದ ಗಡುವು ಎಷ್ಟೋ ತಿಂಗಳು ಮುಂಚೆಯೇ ಮುಗಿದಿರುತ್ತದೆ. ಯುರೋಪಿನ ಇಂಥದೇ ಸಂಘ ಇಸಿಟಿಎಸ್ ಮತ್ತು ಭಾರತದ ನಮ್ಮದೇ ಐಎಸ್‌ಬಿಎಂಆರ್ ಸದಸ್ಯತ್ವವನ್ನೂ ಬಿಡಬೇಡಿ. ಭಾರತದ ಸಂಘಕ್ಕೆ ಹಣ ಕಟ್ಟುವುದನ್ನು ಮೊದಲ ವರ್ಷವೇ ನಿಲ್ಲಿಸಿದವರು ಮುಂದೆ ಭಾರತಕ್ಕೆ ಮರಳುವ ವಿಜ್ಞಾನಿಗಳಿಗಿರುವ ರಾಮಲಿಂಗಸ್ವಾಮಿ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ, ಭಾರತದಲ್ಲಿ ಯಾರ ಪರಿಚಯವೂ ಇಲ್ಲ ಅಂತ ತಡಕಾಡುತ್ತಾರೆ.

ಕೆ99 ಬರೆಯಲು ಬೇಕಾದದ್ದು ‘ಇದು ನನ್ನದು’ ಎಂದು ತೋರಿಸಬಹುದಾದ ಒಂದು ಪ್ರಶ್ನೆ. ಇಲಿ, ಕಚ್ಚಾ ದತ್ತಾಂಶ, ಲ್ಯಾಬ್ ನೋಟ್‌ಬುಕ್ ಎಲ್ಲ ಸಂಸ್ಥೆಯ ಸ್ವತ್ತು. ಹೊರಡುವಾಗ ಏನು ಒಯ್ಯಬಹುದು ಎಂಬುದು ಬಂದ ಮೊದಲ ಆರು ತಿಂಗಳಲ್ಲಿ ತೀರ್ಮಾನ ಆಗದಿದ್ದರೆ ಆಮೇಲೆ ಆಗುವುದಿಲ್ಲ. ನಮ್ಮ ಕಡೆಯವರ ಸಂಗತಿ ನಿಮಗೆ ಗೊತ್ತೇ ಇದೆ, ಮೇಷ್ಟ್ರಿಗೆ ಹೀಗೆ ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಸುಮ್ಮನಿರುತ್ತೇವೆ. ಇಲ್ಲಿ ಸುಮ್ಮನಿದ್ದರೆ ನಿಮಗೆ ಬೇಡ ಅಂತಲೇ ಅರ್ಥ. ಮಾತಾಡಿ, ಅದೇ ಸಂಜೆ ‘ಇಂದು ಮಾತಾಡಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ’ ಅಂತ ನಾಲ್ಕು ಸಾಲಿನ ಇಮೇಲ್ ಹಾಕಿ.

ಹಂದಿಗೋಡಿಗೆ ಬರೋಣ. ಸಾಗರ ತಾಲ್ಲೂಕಿನ ಆ ಊರಲ್ಲಿ 1970ರ ದಶಕದ ನಡುವಿನಲ್ಲಿ ಸೊಂಟ-ಮೊಣಕಾಲಿನ ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ವರದಿ ಮಾಡಿದರು. ಗದ್ದೆಯ ಏಡಿ, ಅದರೊಳಗಿನ ಕೀಟನಾಶಕ ಎಂಬ ಗುಮಾನಿ ಮೊದಲು ಇತ್ತು. ಆಮೇಲೆ ಇದು ವಂಶಪಾರಂಪರ್ಯವಾದದ್ದು, ಪ್ರಬಲ ಲಕ್ಷಣವಾಗಿ ಇಳಿದು ಬರುವ ಮೂಳೆ ಬೆಳವಣಿಗೆಯ ದೋಷ ಎಂಬುದು ನಿಂತಿತು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಯಾವ ಸಮುದಾಯಗಳು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಬರೆಯದಿರುವುದಕ್ಕೆ ಕಾರಣ ಕೆಳಗಿದೆ.

ರಕ್ತದ ಟ್ಯೂಬನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬರುವ ಯೋಚನೆ ಪೂರ್ತಿ ಬಿಡಿ. ವಿದೇಶಿ ಪಾಲುದಾರರಿರುವ ಆರೋಗ್ಯ ಸಂಶೋಧನೆಗೆ ನಮ್ಮಲ್ಲಿನ ನೈತಿಕ ಸಮಿತಿಯ ಒಪ್ಪಿಗೆ ಆದ ಮೇಲೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಮಾದರಿ ದಾಟಿಸಲು ಎರಡು ಸಂಸ್ಥೆಗಳ ನಡುವೆ ಒಪ್ಪಂದ ಬೇಕು. ಬಾಸ್ಟನ್‌ನಿಂದ ಕೂತು ಇದನ್ನು ಶುರು ಮಾಡಲು ಆಗುವುದಿಲ್ಲ, ಅರ್ಜಿದಾರರು ಭಾರತದ ಸಂಸ್ಥೆಯಲ್ಲಿರಬೇಕು. ಹಾಗಾಗಿ ಯೋಜನೆಯ ಮುಖ್ಯಸ್ಥರು ಭಾರತದಲ್ಲಿರುವವರೇ ಆಗಲಿ. ಶಿವಮೊಗ್ಗದ ವೈದ್ಯಕೀಯ ವಿಜ್ಞಾನ ಸಂಸ್ಥೆ ನಿಮಗೆ ಹತ್ತಿರವಿದೆ. ಮಣಿಪಾಲದ ಕಸ್ತೂರ್ಬಾ ಕಾಲೇಜಿನ ವೈದ್ಯಕೀಯ ತಳಿಶಾಸ್ತ್ರ ವಿಭಾಗದವರು ಇಂಥ ಮೂಳೆ ದೋಷಗಳಲ್ಲೇ ಪಳಗಿದವರು, ಘಟ್ಟ ಇಳಿದರೆ ಸಿಗುತ್ತಾರೆ. ಡಿಎನ್‌ಎ ಭಾರತದಲ್ಲೇ ಬೇರ್ಪಡಲಿ, ಅಲ್ಲೇ ಓದಿಸಲಿ. ನೀವು ಬಾಸ್ಟನ್‌ನಿಂದ ವಿಶ್ಲೇಷಣೆಗೆ, ಇಲಿಯಲ್ಲಿ ಆ ದೋಷ ಮಾಡಿ ನೋಡುವುದಕ್ಕೆ ಕೈಜೋಡಿಸಿ. ಕೆ99ರಲ್ಲಿ ‘ನನ್ನದು’ ಎನ್ನಬಹುದಾದ ಪ್ರಶ್ನೆ ಅದೇ ಆಗಬಹುದು.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಿ, ತಂಡಕ್ಕೆ ಸೇರದ ಒಬ್ಬರ ಸಾಕ್ಷಿ ಸಹಿ ಹಾಕಿಸಿ. ಮಾದರಿ ಕೂಡಿಡಬಹುದೇ, ಪೂರ್ತಿ ಜೀನೋಮ್ ಓದಬಹುದೇ, ದತ್ತಾಂಶ ಹೊರದೇಶಕ್ಕೆ ಹೋಗಬಹುದೇ, ಫಲಿತಾಂಶ ಗೊತ್ತಾದರೆ ಹೇಳಬೇಕೇ ಎಂಬ ನಾಲ್ಕಕ್ಕೂ ಬೇರೆ ಬೇರೆ ಹೌದು-ಬೇಡ ಇರಲಿ. ಇನ್ನೊಂದು ತೊಡಕಿದೆ: ಈ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿದೆ. ವಂಶವೃಕ್ಷದಲ್ಲಿ ಗಂಡು-ಹೆಣ್ಣು, ಹುಟ್ಟಿದ ಸಾಲು, ತಲೆಮಾರು ಹಾಗೇ ಅಚ್ಚು ಹಾಕಿದರೆ ಊರಿನ ಯಾರು ಬೇಕಾದರೂ ಆ ಮನೆಯನ್ನು ಗುರುತಿಸುತ್ತಾರೆ, ಮದುವೆಯ ಮಾತುಕತೆಯಲ್ಲಿ ಅದು ಹೊರಬರುತ್ತದೆ. ಕಾಯಿಲೆ ಇಲ್ಲದವರ ಲಿಂಗ ತೋರಿಸದೆ ವಜ್ರಾಕಾರದ ಗುರುತು ಹಾಕಿ, ಊರಿನ ಬದಲು ಜಿಲ್ಲೆ ಬರೆಯಿರಿ, ಅಣ್ಣ-ತಮ್ಮಂದಿರ ಸಾಲು ಬದಲಿಸಿ, ಬದಲಿಸಿದ್ದೇವೆ ಎಂದೂ ಬರೆಯಿರಿ.

ಇಲ್ಲಿಗೆ ಬಂದ ಮಲೆನಾಡಿನವರ ಬಾಯಲ್ಲಿ ಕೇಳುವ ಮಾತು ಒಂದೇ: ‘ಸೆಟಲ್ ಆದ ಮೇಲೆ ಊರಿನ ಕೆಲಸ ಕೈಗೆತ್ತಿಕೊಳ್ಳೋಣ.’ ಮೊದಲು ಪ್ರಬಂಧ, ಆಮೇಲೆ ಗ್ರ್ಯಾಂಟ್, ಆಮೇಲೆ ಮಕ್ಕಳ ಶಾಲೆ. ನನ್ನ ಮನಸ್ಸಿಗೆ ಚುಚ್ಚುವುದು ಇದೇ. ರಕ್ತವನ್ನು ಇನ್ನು ಹತ್ತು ವರ್ಷ ಬಿಟ್ಟು ತೆಗೆದರೂ ಡಿಎನ್‌ಎ ಅದೇ ಇರುತ್ತದೆ. ಎಕ್ಸ್‌ರೇ ಹಾಗಲ್ಲ. ಮೂಳೆಯ ತುದಿಯಲ್ಲಿ ದೋಷ ಇದ್ದದ್ದು ತಿಳಿಯುವುದು ಗ್ರೋತ್ ಪ್ಲೇಟ್ ಮುಚ್ಚುವ ಮೊದಲು ತೆಗೆದ ಚಿತ್ರದಲ್ಲಿ. ನಲವತ್ತರ ವಯಸ್ಸಿನ ಸವೆದ ಸೊಂಟದ ಎಕ್ಸ್‌ರೇ ನೋಡಿದರೆ ಬರೀ ಸಂಧಿ ಸವೆತ ಅಂತಲೋ ಹಳೆಯ ಕ್ಷಯ ಅಂತಲೋ ಬರೆದು ಮುಗಿಸುತ್ತಾರೆ. ಇವತ್ತು ನಡುವಯಸ್ಸಾದವರ ಬಾಲ್ಯದ ಫಿಲ್ಮನ್ನು ಮತ್ತೆ ತೆಗೆಯುವ ಉಪಾಯವೇ ಇಲ್ಲ. ಅಂಥದ್ದು ಎಲ್ಲಾದರೂ ಮನೆಯ ಅಟ್ಟದಲ್ಲೋ ಆಸ್ಪತ್ರೆಯ ಕಪಾಟಿನಲ್ಲೋ ಇದ್ದರೆ ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಬೂಸ್ಟು ಹಿಡಿಯುತ್ತದೆ.

ನೀವು ಹೊರಡುವುದು ಮಾರ್ಚಿನಲ್ಲಿ ಅಂದಿರಿ, ಅಂದರೆ ಒಣ ತಿಂಗಳು ಕೈಯಲ್ಲಿವೆ. ಆಸ್ಪತ್ರೆಯಿಂದ, ಮನೆಯವರಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಅಂಟಿಕೊಂಡ ಫಿಲ್ಮನ್ನು ಎಳೆದು ಬಿಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ; ಚಿತ್ರವೇ ಎದ್ದು ಬರುತ್ತದೆ. ಬೂಸ್ಟನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಬೆಳಕು ಹಾಯಿಸುವ ಸ್ಕ್ಯಾನರಿನಲ್ಲಿ 300 ಡಿಪಿಐ, 16 ಬಿಟ್ ಬೂದುಬಣ್ಣದಲ್ಲಿ ಟಿಫ್ ಆಗಿ ಉಳಿಸಿ, ಜೆಪೆಗ್ ಬೇಡ. ಪಕ್ಕದಲ್ಲಿ ಪಾರದರ್ಶಕ ಅಳತೆಪಟ್ಟಿ ಇಡಿ, ಎಡ-ಬಲದ ಗುರುತೂ ದಿನಾಂಕವೂ ಕಾಣಲಿ, ಹೆಸರಿನ ಜಾಗವನ್ನು ಸ್ಕ್ಯಾನ್ ಮಾಡುವ ಮೊದಲೇ ಮುಚ್ಚಿ. ಸಂಕೇತ ಸಂಖ್ಯೆಗೆ ಯಾರ ಹೆಸರು ಎಂಬ ಪಟ್ಟಿ ಶಿವಮೊಗ್ಗದಲ್ಲೇ, ಮುಖ್ಯಸ್ಥರ ಕಪಾಟಿನಲ್ಲಿ ಇರಲಿ. ಅದರ ಪ್ರತಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಡ.