ಎಎಲ್‌ಕ್ಯೂ3 ತರಬೇಕೋ ಪಾಲಿಮರ್ ತರಬೇಕೋ? ಮೊದಲು ಗಾಜಿನ ಮಾತಾಡೋಣ

ತುಮಕೂರಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿರುವ ನೀವು ಕೇಳಿದ್ದೀರಿ: ಓಎಲ್‌ಇಡಿ (ಕರೆಂಟು ಹರಿಸಿದರೆ ಬೆಳಗುವ ಸಾವಯವ ತೆಳುಪದರಗಳ ದೀಪ) ಪ್ರಾಜೆಕ್ಟಿಗೆ ಎಎಲ್‌ಕ್ಯೂ3 (ಹಸಿರು ಬೆಳಕು ಸೂಸುವ ಸಣ್ಣ ಅಣುವಿನ ವಸ್ತು) ಒಳ್ಳೆಯದೋ, ಬೆಳಕು ಸೂಸುವ ಪಾಲಿಮರೋ? ಇದೇ ಊರಿನಲ್ಲಿ ಕುಳಿತು ಇದೇ ಪ್ರಶ್ನೆಗೆ ನಾನೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಎಎಲ್‌ಕ್ಯೂ3 ಆರಿಸಿಕೊಂಡೆ. ನನ್ನನ್ನು ಮುಳುಗಿಸಿದ್ದು ಅದಲ್ಲ, ಗಾಜು.

ಎಎಲ್‌ಕ್ಯೂ3 ಮತ್ತು ಲೋಹವನ್ನು ಆವಿ ಮಾಡಿ ಗಾಜಿಗೆ ಲೇಪಿಸುವ ನಿರ್ವಾತ ಯಂತ್ರ ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಎರಡು ತಿಂಗಳು ಕಾದ ಮೇಲೆ ಒಂದು ದಿನ ಸಿಕ್ಕಿತು. ಹಿಂದಿನ ದಿನ ಐಟಿಓ (ಕರೆಂಟು ಹರಿಯುವ ಪಾರದರ್ಶಕ ಪದರ) ಲೇಪನದ ಎಂಟು ಗಾಜುಗಳನ್ನು ಸೋಪಿನ ನೀರು, ಶುದ್ಧ ನೀರು, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್ ಎಂದು ಒಂದೊಂದರಲ್ಲೂ ಕಾಲು ಗಂಟೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿಟ್ಟು ತೊಳೆದೆ. ಅಲ್ಲಿಯವರೆಗೆ ಸರಿ. ಕೊರಟಗೆರೆಗೆ ಹೋಗುವ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಕಿಟಕಿ ಪಕ್ಕದ ಮೇಜಿನ ಮೇಲೆ ಗಾಜುಗಳನ್ನು ಒಣಗಲು ಹರವಿ ಹೊರಟುಬಿಟ್ಟೆ. ಮುಚ್ಚಲಿಲ್ಲ. ಬೆಳಿಗ್ಗೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಡಬ್ಬಿಗೆ ಹಾಕಿಕೊಂಡು ಬೆಂಗಳೂರಿಗೆ ಹೋದೆ.

ಕಣ್ಣಿಗೆ ಕಾಣದ ಧೂಳು ಎಷ್ಟು ದೊಡ್ಡದು ಗೊತ್ತೇ? 1987ರಲ್ಲಿ ಕೊಡಾಕ್ ಕಂಪನಿಯ ವಿಜ್ಞಾನಿಗಳಾದ ಟಾಂಗ್ ಮತ್ತು ವ್ಯಾನ್ ಸ್ಲೈಕ್ 10 ವೋಲ್ಟ್‌ಗಿಂತ ಕಡಿಮೆಯಲ್ಲಿ ಬೆಳಗಿಸಿದ ಓಎಲ್‌ಇಡಿಯಲ್ಲಿ ಎರಡೂ ಸಾವಯವ ಪದರ ಸೇರಿ ಸುಮಾರು 135 ನ್ಯಾನೋಮೀಟರ್. ಒಂದು ಮೈಕ್ರಾನ್ (1000 ನ್ಯಾನೋಮೀಟರ್) ಧೂಳಿನ ಕಣ ಅದರ ಏಳು ಪಟ್ಟು ಎತ್ತರ. ಕಾವಲಿಯ ಮೇಲೆ ಕಲ್ಲಿಟ್ಟು ನೀರುದೋಸೆ ಹೊಯ್ದ ಹಾಗೆ. ಕಣದ ಸುತ್ತ ಪದರ ತುಂಡಾಗುತ್ತದೆ, ಮೇಲಿನ ಅಲ್ಯೂಮಿನಿಯಂ ಕೆಳಗಿನ ಐಟಿಓವನ್ನು ಮುಟ್ಟುತ್ತದೆ, ಶಾರ್ಟ್ ಸರ್ಕ್ಯೂಟ್. ಮುಟ್ಟದಿದ್ದರೂ ಲೋಹದಲ್ಲಿ ಸೂಜಿರಂಧ್ರ ಉಳಿಯುತ್ತದೆ, ಗಾಳಿಯ ತೇವ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ಆರು ಗಾಜುಗಳಲ್ಲಿ ಒಂದೆರಡು ವೋಲ್ಟ್‌ಗೇ ಕರೆಂಟು ನುಗ್ಗಿತು, ಬೆಳಕಿಲ್ಲ. ಎರಡು ಹಸಿರಾಗಿ ಬೆಳಗಿದವು. ನನ್ನ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಮೂಡಿ, ಅಗಲವಾಗುತ್ತಾ ಹೋಗಿ, ಬೆಳಕನ್ನೆಲ್ಲ ನುಂಗಿದವು. ಯಂತ್ರದ ದಿನ ಮತ್ತೆ ಸಿಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಪಾಲಿಮರ್ ಆದರೆ ದ್ರಾವಣ ಮಾಡಿ ಸ್ಪಿನ್ ಕೋಟಿಂಗ್‌ನಲ್ಲೇ (ಗಾಜನ್ನು ಗಿರ್ರನೆ ತಿರುಗಿಸಿ ದ್ರಾವಣ ಹರಡುವುದು) ಮುಗಿಸಬಹುದು ಎಂದುಕೊಂಡಿದ್ದರೆ, ಮೇಲಿನ ಲೋಹಕ್ಕೆ ಸಾಮಾನ್ಯವಾಗಿ ನಿರ್ವಾತ ಬೇಕೇ ಬೇಕು. ಯಂತ್ರ ಕೈಗೆಟುಕದಿದ್ದರೆ ದೀಪ ಮಾಡುವ ಹಟ ಬಿಡಿ. ತೆಳುಪದರವನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ: ಯಾವ ಬೆಳಕನ್ನು ಹೀರುತ್ತದೆ, ಯಾವ ಬಣ್ಣ ಸೂಸುತ್ತದೆ, ತೇವದಲ್ಲಿಟ್ಟರೆ ವಾರದಿಂದ ವಾರಕ್ಕೆ ಎಷ್ಟು ಮಂಕಾಗುತ್ತದೆ. ಅದೂ ನಿಜವಾದ ಭೌತಶಾಸ್ತ್ರವೇ. ಗಾಜನ್ನು ಮಾತ್ರ ಲೇಪಿಸುವ ದಿನವೇ ತೊಳೆದು ಮುಚ್ಚಿದ ಪೆಟ್ರಿ ತಟ್ಟೆಯಲ್ಲಿಡಿ, ಬಸ್ಸು ತಪ್ಪಿದರೆ ತಪ್ಪಲಿ.