22 ನುಡಿಗಟ್ಟು ಬೇಡ, ನಾಲ್ಕು ಸಾಕು

ನಮಸ್ಕಾರ,

ಕೂದಲೆಳೆ ಅಂತರವನ್ನು ಹೇಳುವ ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ವಿಷಯ ಮಾತ್ರ ತುಂಬಾ ಇಷ್ಟವಾಯಿತು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

22 ನುಡಿಗಟ್ಟು ಕೊಟ್ಟಿದ್ದೀರಿ. ಎಲ್ಲದರ ಮುಂದೆಯೂ ‘ಸ್ವಲ್ಪದರಲ್ಲಿ ತಪ್ಪಿತು’ ಅಥವಾ ‘ಸ್ವಲ್ಪದರಲ್ಲಿ ಗೆದ್ದ’ ಅಂತ ಒಂದು ಸಾಲು. ಹೀಗಾದರೆ ಓದುವವರು ಮೂರನೆಯದಕ್ಕೇ ಎದ್ದು ಹೋಗುತ್ತಾರೆ, ಅಲ್ವಾ? ನಮ್ಮ ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನೋದೇ ಎರಡು ಕಡೆ ವಾಲುವ ಮಾತು. ಲಾರಿ ಮೈಮೇಲೆ ಬರುವುದು ತಪ್ಪಿದರೂ ಹಾಗೇ ಅನ್ನುತ್ತೇವೆ, ಬಹುಮಾನ ಕೈತಪ್ಪಿದರೂ ಹಾಗೇ. ಇಂಗ್ಲಿಷಿನ ಮಾತುಗಳಲ್ಲಿ ಕೆಲವು ಒಂದೇ ಕಡೆಗೆ ಸಲ್ಲುತ್ತವೆ. ಅದನ್ನೇ ನೀವು ಬಿಟ್ಟುಬಿಟ್ಟಿದ್ದೀರಿ.

2008ರ ಬೀಜಿಂಗ್ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈ ಈಜು ನೋಡಿ. ಕೊನೆಯಲ್ಲಿ ಮಿಲೊರಾಡ್ ಚಾವಿಚ್ ಕೈ ಚಾಚಿಕೊಂಡು ಗೋಡೆಯ ಕಡೆ ತೇಲಿ ಬಂದರು, ಮೈಕೆಲ್ ಫೆಲ್ಪ್ಸ್ ಇನ್ನೊಮ್ಮೆ ಗಿಡ್ಡದಾಗಿ ಕೈ ಬೀಸಿ ಗೋಡೆ ಮುಟ್ಟಿದರು. ಫೆಲ್ಪ್ಸ್ 50.58 ಸೆಕೆಂಡ್, ಚಾವಿಚ್ 50.59. ‘ಬೈ ಎ ವಿಸ್ಕರ್’, ಅಂದರೆ ಮೀಸೆಯ ಒಂದು ಕೂದಲಿನಷ್ಟು ಅಂತರದಲ್ಲಿ, ಇಬ್ಬರಿಗೂ ಹೊಂದುತ್ತದೆ, ಗೆದ್ದವರಿಗೂ ಸೋತವರಿಗೂ. ‘ಕ್ಲೋಸ್ ಶೇವ್’ ಫೆಲ್ಪ್ಸ್‌ಗೆ ಮಾತ್ರ, ಯಾಕೆಂದರೆ ಅದು ಕೆಟ್ಟದ್ದು ಪಕ್ಕದಲ್ಲೇ ಹಾದುಹೋದಾಗ ಬರುವ ಮಾತು, ರೇಜರ್ ಚರ್ಮ ಸವರಿಕೊಂಡು ಹೋಗಿಯೂ ಗಾಯ ಆಗದ ಹಾಗೆ. ಚಾವಿಚ್‌ಗೆ ನಮ್ಮ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಸರಿ.

‘ಬೈ ಎ ನೆಕ್’ ಅಂದರೆ ಕುತ್ತಿಗೆ ಉಳಿಸಿಕೊಂಡದ್ದು ಅಂತ ಬರೆದಿದ್ದೀರಿ. ಅದು ತಪ್ಪು. ಅದು ಕುದುರೆ ರೇಸಿನ ಅಳತೆ. ಬ್ರಿಟನ್ನಿನ ರೇಸ್ ಫಲಿತಾಂಶದಲ್ಲಿ ಇವತ್ತಿಗೂ ಗೆಲುವಿನ ಅಂತರವನ್ನು ಮೂಗು, ಶಾರ್ಟ್ ಹೆಡ್, ತಲೆ, ಕುತ್ತಿಗೆ, ಅರ್ಧ ಕುದುರೆ, ಒಂದು ಕುದುರೆ ಉದ್ದ ಅಂತ ಬರೆಯುತ್ತಾರೆ, ಮೂಗು ಎಲ್ಲಕ್ಕಿಂತ ಚಿಕ್ಕದು. ‘ನೆಕ್ ಆಂಡ್ ನೆಕ್’ ಬೇರೆ, ಅದು ಓಟ ಇನ್ನೂ ನಡೆಯುತ್ತಿರುವಾಗ, ಇಬ್ಬರೂ ಸಮಸಮ ಇರುವಾಗಿನ ಮಾತು.

ಇನ್ನು ‘ಬೈ ದ ಸ್ಕಿನ್ ಆಫ್ ಮೈ ಟೀತ್’ ಅನ್ನೋದನ್ನು ‘ಹಲ್ಲಿನ ಚರ್ಮದಿಂದ ಪಾರಾದೆ’ ಅಂತ ಅನುವಾದಿಸಿ ಸುಮ್ನೆ ಮುಂದೆ ಹೋಗಿದ್ದೀರಿ. ಹಲ್ಲಿಗೆಲ್ಲಿಯ ಚರ್ಮ? ಓದುವವರು ಕೇಳುವ ಮೊದಲ ಪ್ರಶ್ನೆ ಅದೇ. ಈ ಮಾತು ಬೈಬಲ್‌ನ ಯೋಬನ ಪುಸ್ತಕದ 19ನೇ ಅಧ್ಯಾಯದ್ದು, 1560ರ ಜಿನೀವಾ ಬೈಬಲ್‌ನಿಂದ ಇಂಗ್ಲಿಷಿಗೆ ಬಂತು. ಅಲ್ಲಿ ಇರುವುದು ‘ಬೈ’ ಅಲ್ಲ, ‘ವಿತ್’. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದ ಮನುಷ್ಯ ಆಡುವ ಮಾತು ಅದು. ಆ ‘ವಿತ್’ ಇಟ್ಟುಕೊಂಡು ಓದಿದರೆ, ಇಷ್ಟೇ ಉಳಿಸಿಕೊಂಡು ಪಾರಾದೆ ಅಂತ ಕೇಳಿಸುತ್ತದೆ. ಈಗ ಬಸ್ಸು ಸಿಕ್ಕಿದ್ದಕ್ಕೂ ಅದೇ ಮಾತು ಬಳಸುತ್ತಾರೆ. ನಿಮ್ಮ ಲೇಖನ ಶುರುವಾಗಬೇಕಿದ್ದದ್ದು ಇಲ್ಲಿಂದ, ನೀವು ಇದನ್ನು 17ನೆಯದಾಗಿ ಇಟ್ಟಿದ್ದೀರಿ.

ಮೂಗು, ಹಲ್ಲಿನ ಚರ್ಮ, ಕ್ಲೋಸ್ ಶೇವ್, ವಿಸ್ಕರ್ ಇಷ್ಟನ್ನೇ ಇಟ್ಟುಕೊಳ್ಳಿ. ಮೊದಲ ಪ್ಯಾರಾದಲ್ಲಿ ಇಂಗ್ಲಿಷ್ ಎಷ್ಟು ಶ್ರೀಮಂತ ಭಾಷೆ ಅಂತ ಇದೆಯಲ್ಲ, ಅದನ್ನು ತೆಗೆಯಿರಿ. ಹೊಸದಾಗಿ ಬರೆದು ನನಗೇ ಕಳಿಸಿ, ಬಂದ ವಾರದಲ್ಲೇ ಓದುತ್ತೇನೆ.